ಅಪ್ಪ-ಅಮ್ಮನಿಗೆ ಸರದಿ ಇಲ್ಲ, ತಮ್ಮನಿಗೆ ಇದೆ

ಪ್ರಶ್ನೆ: ನಾನು ಅಮೆರಿಕಕ್ಕೆ ಬಂದು ಹನ್ನೊಂದು ವರ್ಷವಾಯಿತು. ಹೋದ ವರ್ಷ ಇಲ್ಲಿನ ಪೌರತ್ವ ಸಿಕ್ಕಿದೆ. ಅಪ್ಪನಿಗೆ 62, ಸರ್ಕಾರಿ ಕೆಲಸದಿಂದ ನಿವೃತ್ತರು. ಅಮ್ಮನಿಗೆ 56. ತಮ್ಮನಿಗೆ 17, ದ್ವಿತೀಯ ಪಿಯುಸಿ. ಮುಂದಿನ ತಿಂಗಳು ಅಪ್ಪ-ಅಮ್ಮ ವಿಸಿಟರ್ ವೀಸಾದಲ್ಲಿ ಬರುತ್ತಿದ್ದಾರೆ. ಬಂದ ಮೇಲೆ ಇಲ್ಲಿಂದಲೇ ಗ್ರೀನ್ ಕಾರ್ಡ್‌ಗೆ ಹಾಕಿಬಿಡಿ, ತಮ್ಮನ ಹೆಸರನ್ನೂ ಅದರಲ್ಲೇ ಸೇರಿಸಬಹುದು ಎಂದು ಪರಿಚಯದವರು ಹೇಳುತ್ತಿದ್ದಾರೆ. ಕಾರ್ಡ್ ಬಂದ ಮೇಲೆ ವರ್ಷದಲ್ಲಿ ಆರು ತಿಂಗಳು ಇಲ್ಲಿ, ಆರು ತಿಂಗಳು ಊರಲ್ಲಿ ಇರಬೇಕೆಂಬುದು ಅವರ ಆಸೆ. ಇದೆಲ್ಲ ಸಾಧ್ಯವೇ? ಅಪ್ಪನ ಪಿಂಚಣಿ, ಠೇವಣಿಗಳಿಗೆ ಏನಾದರೂ ತೊಂದರೆಯಾಗುತ್ತದೆಯೇ?

ಉತ್ತರ: ನಿಮ್ಮ ಪರಿಚಯದವರು ಹೇಳಿದ್ದರಲ್ಲಿ ಅರ್ಧ ತಪ್ಪು, ಉಳಿದರ್ಧ ಅಪಾಯ. ಪತ್ರ ಓದಿದಾಗ ನನಗೆ ಅನ್ನಿಸಿದ್ದು ಇಷ್ಟು: ನೀವು ಅಪ್ಪ-ಅಮ್ಮನ ವಿಷಯದಲ್ಲಿ ಅವಸರ ಮಾಡುತ್ತಿದ್ದೀರಿ, ತಮ್ಮನದನ್ನು ಜೊತೆಗೆ ಸೇರಿಸಿದರಾಯಿತು ಎಂದುಕೊಂಡಿದ್ದೀರಿ. ಕಾನೂನಿನ ಲೆಕ್ಕ ಇದಕ್ಕೆ ತಿರುವುಮುರುವು. ಅಪ್ಪ-ಅಮ್ಮನದು ಇಂದು ಹಾಕಿದರೂ ಐದು ವರ್ಷ ಬಿಟ್ಟು ಹಾಕಿದರೂ ಅವರಿಗೇನೂ ಕಳೆದುಹೋಗುವುದಿಲ್ಲ. ದಿನ ಹೋದಂತೆ ನಷ್ಟವಾಗುವುದು ತಮ್ಮನಿಗೆ.

ಅಮೆರಿಕದ ವಲಸೆ ಕಾನೂನು ಕುಟುಂಬವನ್ನು ಎರಡು ಸಾಲಿನಲ್ಲಿ ನಿಲ್ಲಿಸುತ್ತದೆ. ಮೊದಲನೆಯದನ್ನು ಸಾಲು ಎನ್ನುವುದೂ ತಪ್ಪೇ, ಏಕೆಂದರೆ ಅಲ್ಲಿ ಕಾಯುವುದಿಲ್ಲ. ಪೌರರ ಗಂಡ ಅಥವಾ ಹೆಂಡತಿ, 21 ತುಂಬದ ಅವಿವಾಹಿತ ಮಕ್ಕಳು, ಮತ್ತು ಪೌರರಿಗೆ 21 ತುಂಬಿದ್ದರೆ ಅವರ ತಂದೆ-ತಾಯಿ, ಇವರಿಗೆ ವರ್ಷಕ್ಕೆ ಇಂತಿಷ್ಟೇ ವೀಸಾ ಎಂಬ ಮಿತಿ ಇಲ್ಲ. ಕಡತ ಮುಂದಕ್ಕೆ ಹೋಗಲು ಎಷ್ಟು ಸಮಯ ಬೇಕೋ ಅಷ್ಟೇ, ಸಾಮಾನ್ಯವಾಗಿ ಒಂದರಿಂದ ಎರಡು ವರ್ಷ. ಉಳಿದವರೆಲ್ಲ ಸರದಿಯಲ್ಲಿ ನಿಲ್ಲಬೇಕು. ಅಣ್ಣ-ತಮ್ಮ, ಅಕ್ಕ-ತಂಗಿಯರ ವರ್ಗಕ್ಕೆ ಎಫ್4 ಎಂದು ಹೆಸರು. ಇಡೀ ಜಗತ್ತಿಗೆ ವರ್ಷಕ್ಕೆ 65,000 ವೀಸಾ. ಅದರ ಮೇಲೆ, ಒಂದು ದೇಶದಲ್ಲಿ ಹುಟ್ಟಿದವರಿಗೆ ಒಟ್ಟಿನ ಶೇ 7ಕ್ಕಿಂತ ಹೆಚ್ಚು ಸಿಗಬಾರದೆಂಬ ಮಿತಿ ಬೇರೆ. ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳು ತಿಂಗಳು ಹೊರಡಿಸುವ ವೀಸಾ ಬುಲೆಟಿನ್ ಒಮ್ಮೆ ತೆರೆದು ನೋಡಿ. 2025ರಲ್ಲಿ ಭಾರತದ ಎಫ್4 ಸರದಿ ಮುಟ್ಟಿದ್ದು 2006ರಲ್ಲಿ ಅರ್ಜಿ ಹಾಕಿದವರನ್ನು. ಆಗ ನಿಮ್ಮ ತಮ್ಮ ಹುಟ್ಟಿರಲೇ ಇಲ್ಲ.

ತಮ್ಮನ ಹೆಸರನ್ನು ಅಪ್ಪ-ಅಮ್ಮನ ಅರ್ಜಿಯಲ್ಲೇ ಸೇರಿಸಬಹುದೆಂಬ ಮಾತಿಗೆ ಬರೋಣ. ಬರುವುದಿಲ್ಲ. ಸರದಿಯ ವರ್ಗಗಳಲ್ಲಿ ಮುಖ್ಯ ಅರ್ಜಿದಾರರ ಜೊತೆ ಹೆಂಡತಿ, ಚಿಕ್ಕ ಮಕ್ಕಳು ಬರಬಹುದು. ಸರದಿ ಇಲ್ಲದ ಈ ಮೊದಲ ವರ್ಗದಲ್ಲಿ ಜೊತೆಗೆ ಯಾರೂ ಬರುವಂತಿಲ್ಲ. ಸಂಬಂಧಿಕರನ್ನು ಕರೆಸಿಕೊಳ್ಳಲು ಹಾಕುವ ಐ-130 ಅರ್ಜಿ ಅಪ್ಪನಿಗೆ ಒಂದು, ಅಮ್ಮನಿಗೆ ಇನ್ನೊಂದು. ಅಪ್ಪನ ಅರ್ಜಿಯಲ್ಲಿ ಅಮ್ಮನನ್ನೇ ಸೇರಿಸಲಾಗದು, ಇನ್ನು ತಮ್ಮನ ಮಾತೆಲ್ಲಿ! ಸರದಿ ಇಲ್ಲ ಎಂಬ ಸವಲತ್ತಿಗೆ ತೆರಬೇಕಾದ ಬೆಲೆ ಇದು. ಎಷ್ಟೋ ಕುಟುಂಬಗಳಿಗೆ ಇದು ಗೊತ್ತಾಗುವುದು ಅಪ್ಪ-ಅಮ್ಮನ ವೀಸಾ ಕೈಗೆ ಬಂದ ಮೇಲೆ. ಆಗ ಹದಿನೇಳರ ಹುಡುಗನನ್ನು ಯಾರ ಮನೆಯಲ್ಲಿ ಬಿಡುವುದು ಎಂಬ ಚರ್ಚೆ ಶುರುವಾಗುತ್ತದೆ.

ಹಾಗಾದರೆ ತಮ್ಮನಿಗೆ ಎರಡು ದಾರಿ. ಒಂದು, ನೀವೇ ಅಕ್ಕನಾಗಿ ಎಫ್4 ಹಾಕುವುದು. ಇನ್ನೊಂದು, ಅಪ್ಪ-ಅಮ್ಮ ಗ್ರೀನ್ ಕಾರ್ಡ್ ಪಡೆದ ಮೇಲೆ ಅವರಲ್ಲೊಬ್ಬರು ಮಗನಿಗಾಗಿ ಹಾಕುವುದು. ಎರಡನ್ನೂ ಹಾಕಬಹುದು, ಒಂದಕ್ಕೊಂದು ಅಡ್ಡಿಯಿಲ್ಲ.

ಎರಡನೆಯ ದಾರಿಯಲ್ಲಿ ಲೆಕ್ಕಾಚಾರ ಜಾಸ್ತಿ, ನಿಧಾನವಾಗಿ ಓದಿ. ಗ್ರೀನ್ ಕಾರ್ಡ್ ಇರುವವರ 21 ತುಂಬದ ಅವಿವಾಹಿತ ಮಕ್ಕಳದು ಎಫ್2ಎ ವರ್ಗ. ಅಲ್ಲಿ ಸರದಿ ಕೆಲವು ವರ್ಷಗಳದ್ದು. 21 ದಾಟಿದರೆ ಎಫ್2ಬಿ. ಭಾರತದವರಿಗೆ 2025ರಲ್ಲಿ ಅದು 2016ರ ಆಸುಪಾಸಿನಲ್ಲಿತ್ತು. ಅಂದರೆ 21ನೇ ಹುಟ್ಟುಹಬ್ಬದ ಈಚೆಗೆ ಎರಡು-ಮೂರು ವರ್ಷ, ಆಚೆಗೆ ಒಂಬತ್ತು ವರ್ಷ. ಇಲ್ಲಿ ನೆರವಿಗೆ ಬರುವುದು 2002ರ ಮಕ್ಕಳ ವಯೋರಕ್ಷಣೆಯ ಕಾಯ್ದೆ. ಸರದಿ ಬಂದ ದಿನ ಮಗನ ವಯಸ್ಸೆಷ್ಟೋ ಅದರಲ್ಲಿ, ಐ-130 ಅರ್ಜಿ ತೀರ್ಮಾನವಾಗದೆ ಇಲಾಖೆಯ ಬಳಿ ಕೂತಿದ್ದ ಅವಧಿಯನ್ನು ಕಳೆಯಬೇಕು. ಸರದಿ ಬಂದಾಗ ತಮ್ಮನಿಗೆ 21 ವರ್ಷ 8 ತಿಂಗಳಾಗಿದ್ದು, ಅರ್ಜಿ 14 ತಿಂಗಳು ಕೂತಿದ್ದರೆ, ಕಾನೂನಿನ ಕಣ್ಣಿಗೆ ಅವನಿಗೆ 20 ವರ್ಷ 6 ತಿಂಗಳು. ಬಚಾವ್. ಇಲಾಖೆ ತಡಮಾಡಿದಷ್ಟೂ ಅರ್ಜಿದಾರನಿಗೆ ಲಾಭವಾಗುವ ಸಂದರ್ಭ ನನ್ನ ವೃತ್ತಿಯಲ್ಲಿ ಇದೊಂದೇ. ಆದರೆ ಸರದಿ ಬಂದ ಒಂದು ವರ್ಷದೊಳಗೆ ಮುಂದಿನ ಹೆಜ್ಜೆ ಇಡಬೇಕು, ಇಲ್ಲವಾದರೆ ಈ ರಕ್ಷಣೆ ಸಿಗುವುದಿಲ್ಲ. ಅಕಸ್ಮಾತ್ ಎಫ್2ಬಿಗೆ ಜಾರಿದರೂ ಮೊದಲು ಅರ್ಜಿ ಹಾಕಿದ ದಿನಾಂಕ ಅವನದ್ದಾಗಿಯೇ ಉಳಿಯುತ್ತದೆ.

ಈ ದಾರಿಯಲ್ಲಿ ಒಂದು ಗುಂಡಿ ಇದೆ: ಮದುವೆ. ಗ್ರೀನ್ ಕಾರ್ಡ್ ಹೊಂದಿದ ತಂದೆ-ತಾಯಿ ವಿವಾಹಿತ ಮಕ್ಕಳಿಗೆ ಅರ್ಜಿ ಹಾಕುವಂತಿಲ್ಲ. ಹಾಕಿದ ಮೇಲೆ ಮಗ ಮದುವೆಯಾದರೆ ಅರ್ಜಿ ಅಲ್ಲಿಗೇ ರದ್ದು. ಆಮೇಲೆ ವಿಚ್ಛೇದನವಾದರೂ ಅದು ಜೀವ ತಳೆಯುವುದಿಲ್ಲ. ಅಮ್ಮ ಐದು ವರ್ಷದ ನಂತರ ಪೌರತ್ವ ಪಡೆದ ಮೇಲೆ ಅವನು ಮದುವೆಯಾದರೆ ಅರ್ಜಿ ಉಳಿಯುತ್ತದೆ, ವಿವಾಹಿತ ಮಕ್ಕಳ ಎಫ್3 ವರ್ಗಕ್ಕೆ ಹೋಗುತ್ತದೆ. ಮದುವೆಯ ದಿನಾಂಕ, ಅಮ್ಮನ ಪೌರತ್ವ ಪ್ರಮಾಣವಚನದ ದಿನಾಂಕ, ಇವೆರಡರಲ್ಲಿ ಯಾವುದು ಮುಂಚೆ ಎಂಬುದರ ಮೇಲೆ ಇಷ್ಟು ವರ್ಷದ ಕಾಯುವಿಕೆ ನಿಂತಿದೆ. ಮುಹೂರ್ತ ಇಡಿಸುವ ಮೊದಲು ವಕೀಲರಿಗೊಂದು ಫೋನ್ ಮಾಡಿ ಎಂದು ನಾನು ಹೇಳಿದಾಗ ಜನ ನಗುತ್ತಾರೆ. ನಾನು ತಮಾಷೆ ಮಾಡುತ್ತಿರುವುದಿಲ್ಲ.

ಇನ್ನೂ ಒಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಮಗನ ಎಫ್2 ಅರ್ಜಿ ನಿಂತಿರುವುದು ಅಪ್ಪ ಅಥವಾ ಅಮ್ಮನ ಗ್ರೀನ್ ಕಾರ್ಡ್ ಮೇಲೆ. ಅವರು ಕಾರ್ಡ್ ಕಳೆದುಕೊಂಡರೆ ಮಗನ ಅರ್ಜಿಯೂ ಹೋಯಿತು. ಹಾಗಾಗಿ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಎಂಬ ನಿಮ್ಮ ಪ್ರಶ್ನೆ ಅಪ್ಪ-ಅಮ್ಮನಿಗಷ್ಟೇ ಸಂಬಂಧಿಸಿದ್ದಲ್ಲ.

ವರ್ಷಕ್ಕೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಅಮೆರಿಕದ ನೆಲ ಮುಟ್ಟಿ ಹೋದರೆ ಕಾರ್ಡ್ ಉಳಿಯುತ್ತದೆ ಎಂಬುದು ನಮ್ಮವರಲ್ಲಿ ಬೇರುಬಿಟ್ಟ ನಂಬಿಕೆ. ಕಾನೂನಿನಲ್ಲಿ ಅಂಥ ಭರವಸೆ ಎಲ್ಲೂ ಇಲ್ಲ. ಕಾನೂನು ಕೇಳುವುದು ನಿಮ್ಮ ಮನೆ ಎಲ್ಲಿ ಎಂದು. 180 ದಿನ ದಾಟಿ ಹೊರಗಿದ್ದರೆ ಹೊಸದಾಗಿ ಪ್ರವೇಶ ಕೇಳುವವರಂತೆ ವಿಚಾರಿಸಬಹುದು, ಪೌರತ್ವದ ಐದು ವರ್ಷದ ಲೆಕ್ಕಕ್ಕೂ ಧಕ್ಕೆ. ಒಂದು ವರ್ಷ ದಾಟಿದರೆ ಬರೀ ಕಾರ್ಡ್ ತೋರಿಸಿ ಒಳಗೆ ಬರಲಾಗದು. ಹೋಗುವ ಮುಂಚೆಯೇ, ಅಮೆರಿಕದಲ್ಲಿರುವಾಗಲೇ, ಐ-131 ಅರ್ಜಿ ಹಾಕಿ ರೀ-ಎಂಟ್ರಿ ಪರ್ಮಿಟ್ ಪಡೆಯಬೇಕು. ಅದು ಹೆಚ್ಚೆಂದರೆ ಎರಡು ವರ್ಷಕ್ಕೆ. ಇವು ಹೊರಗಿನ ಗೆರೆಗಳು. ಗೆರೆ ದಾಟದೆಯೂ ಕಾರ್ಡ್ ಕಳೆದುಕೊಂಡವರಿದ್ದಾರೆ.

ವಿಮಾನ ನಿಲ್ದಾಣದಲ್ಲಿ ಹೇಗೆ ನಡೆಯುತ್ತದೆ ಎಂದರೆ, ಹನ್ನೊಂದು ತಿಂಗಳ ಮೇಲೆ ಬಂದಿಳಿದ ಹಿರಿಯ ದಂಪತಿಯನ್ನು ಪಕ್ಕದ ಕೋಣೆಗೆ ಕಳಿಸುತ್ತಾರೆ. ಹೋದ ಸಲ ಎಷ್ಟು ದಿನ ಇದ್ದಿರಿ? ನಲವತ್ತು ದಿನ. ಈಗ ಎಷ್ಟು ದಿನ? ಎರಡು ತಿಂಗಳು, ರಿಟರ್ನ್ ಟಿಕೆಟ್ ಇದೆ. ಮನೆ? ಊರಲ್ಲಿ ಸ್ವಂತ ಮನೆ ಇದೆ, ಇಲ್ಲಿ ಮಗಳ ಮನೆ. ಅಪ್ಪ ಇದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ. ಯಾರಿಗೂ ಭಾರವಾಗಿ ಬಂದವರಲ್ಲ ಎಂದು ತೋರಿಸಿಕೊಳ್ಳುವ ಉತ್ತರ ಅದು. ಅಧಿಕಾರಿಗೆ ಅದು ಕೇಳಿಸುವುದು ‘ನಾನು ಇಲ್ಲಿ ವಾಸಿಸುತ್ತಿಲ್ಲ’ ಎಂದು. ಆಮೇಲೆ ಮುಂದೆ ಬರುವ ಕಾಗದ ಐ-407, ಕಾಯಂ ವಾಸದ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುವ ನಮೂನೆ. ಅದಕ್ಕೆ ಸಹಿ ಹಾಕಲೇಬೇಕೆಂದು ಇಲ್ಲ. ವಲಸೆ ನ್ಯಾಯಾಧೀಶರ ಮುಂದೆ ಹೇಳಿಕೊಳ್ಳುತ್ತೇನೆ ಎನ್ನುವ ಹಕ್ಕು ಕಾರ್ಡ್‌ದಾರರಿಗಿದೆ. ಇಪ್ಪತ್ತು ಗಂಟೆ ಪ್ರಯಾಣ ಮಾಡಿ ಬಂದವರಿಗೆ ಆ ಹೊತ್ತಿನಲ್ಲಿ ಇದು ನೆನಪಾಗುವುದಿಲ್ಲ, ಮೊದಲೇ ಹೇಳಿಕೊಟ್ಟಿರಿ.

ನಿಮ್ಮ ಅಪ್ಪ-ಅಮ್ಮ ನಿಜಕ್ಕೂ ಬಯಸುವುದು ವರ್ಷದಲ್ಲಿ ಐದಾರು ತಿಂಗಳು ಮಗಳ ಜೊತೆ, ಉಳಿದಷ್ಟು ಕಾಲ ತಮ್ಮ ಮನೆಯಲ್ಲಿ ಎಂದಾದರೆ, ಅದಕ್ಕೆ ಹೊಂದುವುದು ಈಗಿರುವ ವಿಸಿಟರ್ ವೀಸಾ. ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುತ್ತಾರೆ. ವರ್ಷ ವರ್ಷವೂ ಅಷ್ಟೂ ದಿನ ಇದ್ದರೆ ಅಲ್ಲಿಯೂ ಪ್ರಶ್ನೆ ಏಳುತ್ತದೆ, ಆದರೆ ಕಳೆದುಕೊಳ್ಳುವುದು ಕಡಿಮೆ. ಗ್ರೀನ್ ಕಾರ್ಡ್ ಎಂದರೆ ಉದ್ದನೆಯ ವಿಸಿಟರ್ ವೀಸಾ ಅಲ್ಲ. ಮುಂದೆ ಅಪ್ಪನಿಗೋ ಅಮ್ಮನಿಗೋ ಒಂಟಿಯಾಗಿ ಇರಲಾಗದ ಸ್ಥಿತಿ ಬಂದಾಗ ಹಾಕಬಹುದು, ಸರದಿ ಇಲ್ಲವಲ್ಲ. ಅಲ್ಲಿಯವರೆಗೆ ತಮ್ಮನ ಎರಡನೆಯ ದಾರಿ ಮಾತ್ರ ತೆರೆಯುವುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅವಸರ ಬೇಡ ಎನ್ನುವುದಕ್ಕೆ ಹಣಕಾಸಿನ ಕಾರಣವೂ ಇದೆ. ಕಾರ್ಡ್ ಹಿಡಿದು ಒಳಗೆ ಕಾಲಿಟ್ಟ ದಿನದಿಂದ ನಿಮ್ಮ ತಂದೆ ಅಮೆರಿಕದ ತೆರಿಗೆದಾರರು, ಅದೂ ಜಗತ್ತಿನ ಯಾವ ಮೂಲೆಯ ಆದಾಯಕ್ಕೂ. ಭಾರತದ ಪಿಂಚಣಿ, ಠೇವಣಿ ಬಡ್ಡಿ, ಮನೆ ಬಾಡಿಗೆ ಎಲ್ಲವನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ವಜಾ ಸಿಗುತ್ತದೆ, ಆದರೆ ತೋರಿಸದೇ ಇರುವಂತಿಲ್ಲ. ಪಿಪಿಎಫ್ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಇಲ್ಲಿ ಇದೆ. ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದ ಯಾವುದಾದರೂ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಿಎಆರ್ ಎಂಬ ಪ್ರತ್ಯೇಕ ವರದಿ ಸಲ್ಲಿಸಬೇಕು. ನಿವೃತ್ತಿಯ ಗ್ರಾಚ್ಯುಟಿ ಠೇವಣಿ ಇಟ್ಟ ಹೆಚ್ಚಿನವರು ಆ ಮೊತ್ತ ದಾಟಿರುತ್ತಾರೆ. ಇದರಲ್ಲಿ ತೆರಿಗೆ ಏನೂ ಇಲ್ಲ, ಬರೀ ಮಾಹಿತಿ. ಆದರೆ ಸಲ್ಲಿಸದಿದ್ದರೆ ದಂಡ ದೊಡ್ಡದು. ತೆರಿಗೆ ತಪ್ಪಿಸಲು ನಾನು ಇಲ್ಲಿನ ನಿವಾಸಿಯಲ್ಲ ಎಂದು ರಿಟರ್ನ್ ಹಾಕಿದಿರೋ, ಅದೇ ಕಾಗದ ಮುಂದೆ ಕಾರ್ಡ್ ಬಿಟ್ಟುಕೊಟ್ಟಿದ್ದಕ್ಕೆ ಸಾಕ್ಷಿಯಾಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾಣತನ ಇಲ್ಲಿ ನಡೆಯುವುದಿಲ್ಲ.

ಆರೋಗ್ಯದ ಖರ್ಚು ನಿಮ್ಮ ಮೇಲೇ. 65 ತುಂಬಿದವರಿಗೆ ಸಿಗುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ಗೆ ಇಲ್ಲಿ ದುಡಿದ ದಾಖಲೆ ಇಲ್ಲದ ಕಾರ್ಡ್‌ದಾರರು ಐದು ವರ್ಷ ಸತತವಾಗಿ ವಾಸವಾಗಿದ್ದರಷ್ಟೇ ಹಣ ಕಟ್ಟಿ ಸೇರಬಹುದು. 2025ರಲ್ಲಿ ಆಸ್ಪತ್ರೆ ಖರ್ಚಿನ ಎ ಭಾಗಕ್ಕೆ ತಿಂಗಳಿಗೆ 518 ಡಾಲರ್, ವೈದ್ಯರ ಖರ್ಚಿನ ಬಿ ಭಾಗಕ್ಕೆ 185 ಡಾಲರ್ ಇತ್ತು.

ಜೊತೆಗೆ ಐ-864. ಅಪ್ಪ-ಅಮ್ಮನನ್ನು ಸಾಕುತ್ತೇನೆಂದು ನೀವು ಸರ್ಕಾರಕ್ಕೆ ಬರೆದುಕೊಡುವ ಕರಾರು. ನಿಮ್ಮ ಆದಾಯ ಬಡತನ ರೇಖೆಯ ಶೇ 125 ಮುಟ್ಟಬೇಕು; ನೀವು, ಯಜಮಾನರು, ಒಂದು ಮಗು, ಅಪ್ಪ-ಅಮ್ಮ ಎಂದು ಐದು ಜನರ ಲೆಕ್ಕ ಹಿಡಿದರೆ 2025ರ ಪಟ್ಟಿಯಂತೆ 47,062 ಡಾಲರ್. ನೀವು ದುಡಿಯದಿದ್ದರೆ ಯಜಮಾನರ ಆದಾಯ ಸೇರಿಸಬಹುದು, ಅದಕ್ಕೆ ಅವರ ಸಹಿ ಬೇಕು. ಈ ಹೊಣೆ ಮುಗಿಯುವುದು ಅಪ್ಪ-ಅಮ್ಮ ಪೌರರಾದಾಗ, ಸುಮಾರು ಹತ್ತು ವರ್ಷದ ದುಡಿಮೆ ಅವರ ಲೆಕ್ಕಕ್ಕೆ ಸೇರಿದಾಗ, ಕಾರ್ಡ್ ಬಿಟ್ಟು ದೇಶ ತೊರೆದಾಗ, ಅಥವಾ ಸಾವಿನಲ್ಲಿ. ಗಂಡ-ಹೆಂಡಿರ ನಡುವೆ ಮಾತೇ ಆಗದೆ ಸಹಿ ಬಿದ್ದ ಐ-864ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೊದಲು ಕೂತು ಮಾತಾಡಿ.

ಈಗ ಅಪಾಯದ ಅರ್ಧ: ವಿಸಿಟರ್ ವೀಸಾದಲ್ಲಿ ಬಂದು ಇಲ್ಲಿಂದಲೇ ಹಾಕುವುದು. ಪೌರರ ತಂದೆ-ತಾಯಿ ಸರಿಯಾಗಿ ತಪಾಸಣೆಯಾಗಿ ಒಳಬಂದಿದ್ದರೆ ಇಲ್ಲಿಂದಲೇ ಗ್ರೀನ್ ಕಾರ್ಡ್ ಕೇಳುವ ಐ-485 ಅರ್ಜಿ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಬಂದ ಮೇಲೆ ಪರಿಸ್ಥಿತಿ ನಿಜವಾಗಿ ಬದಲಾದವರಿಗೆ ಅದು ಉಪಯೋಗಕ್ಕೆ ಬರುತ್ತದೆ. ನಿಮ್ಮದು ಹಾಗಲ್ಲ. ಬರುವ ಮೊದಲೇ ತೀರ್ಮಾನವಾಗಿದೆ, ನನಗೆ ಬರೆದೂ ಇದ್ದೀರಿ. ಇಳಿದಾಗ ಅಧಿಕಾರಿ ಬಂದದ್ದೇಕೆ ಎಂದು ಕೇಳುತ್ತಾರೆ, ಅಪ್ಪ ‘ಮೊಮ್ಮಗನನ್ನು ನೋಡಿ ಮೂರು ತಿಂಗಳಲ್ಲಿ ಹೊರಡುತ್ತೇವೆ’ ಎನ್ನುತ್ತಾರೆ. ಅದು ಸುಳ್ಳು ಹೇಳಿಕೆ. ಸಾಬೀತಾದರೆ ಜೀವನಪರ್ಯಂತ ಪ್ರವೇಶ ನಿಷೇಧ. ಅದಕ್ಕೆ ವಿನಾಯಿತಿ ಕೇಳಬೇಕಾದರೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವ ಗಂಡ, ಹೆಂಡತಿ, ತಂದೆ, ತಾಯಿ ಯಾರಾದರೂ ಇರಬೇಕು. ಮಗಳು ಆ ಪಟ್ಟಿಯಲ್ಲಿ ಇಲ್ಲ. ನಿಮಗಾಗಿ ಬಂದವರನ್ನು ಬಿಡಿಸಲು ನಿಮ್ಮಿಂದಲೇ ಆಗುವುದಿಲ್ಲ.

ಸುಳ್ಳಿನ ಪ್ರಶ್ನೆ ಬದಿಗಿಟ್ಟರೂ, ಐ-485 ಹಾಕಿದ ಮೇಲೆ ಪ್ರಯಾಣದ ಅನುಮತಿ ಬರುವ ಮುಂಚೆ ದೇಶ ಬಿಟ್ಟರೆ ಅರ್ಜಿ ಕೈಬಿಟ್ಟಂತೆ. ಆ ತಿಂಗಳುಗಳಲ್ಲಿ ಊರಲ್ಲಿ ಅಜ್ಜಿಗೆ ಹುಷಾರಿಲ್ಲದಿದ್ದರೂ, ತಮ್ಮನಿಗೆ ಪರೀಕ್ಷೆ ಹತ್ತಿರ ಬಂದು ಅಮ್ಮ ಬೇಕೆನಿಸಿದರೂ ಹೋಗಲಾಗದು. ಹಾಕುವುದೇ ಆದರೆ ನೀವು ಇಲ್ಲಿಂದ ಐ-130 ಆನ್‌ಲೈನ್‌ನಲ್ಲಿ ಹಾಕಿ, ತಲಾ 625 ಡಾಲರ್. ಅವರು ತಮ್ಮ ಮನೆಯಲ್ಲೇ ಇದ್ದು ಮುಂಬೈ ದೂತಾವಾಸದಲ್ಲಿ ಸಂದರ್ಶನಕ್ಕೆ ಹೋಗಲಿ. ವೀಸಾ ಶುಲ್ಕ 325, ಐ-864 ಪರಿಶೀಲನೆಗೆ 120, ಕಾರ್ಡ್ ಮುದ್ರಣಕ್ಕೆ 235 ಡಾಲರ್ ಬೇರೆ. ಹಾಗೆಂದು ಮುಂದಿನ ತಿಂಗಳ ಪ್ರವಾಸ ರದ್ದು ಮಾಡಬೇಡಿ. ಬರಲಿ, ನೋಡಿಕೊಂಡು ಹೋಗಲಿ, ಹೇಳಿದ ದಿನಕ್ಕೆ ವಾಪಸಾಗಲಿ.

ಮತ್ತೆ ತಮ್ಮನಿಗೆ. ಎಫ್4 ಇವತ್ತೇ ಹಾಕಿ ಎನ್ನಬೇಕೆಂದಿದ್ದೆ, ಆದರೆ ಒಂದು ವಿಷಯ ಕೇಳಿಕೊಳ್ಳಿ. ಪಿಯುಸಿ ಮುಗಿಸಿ ಅವನು ಓದಲು ಅಮೆರಿಕಕ್ಕೇ ಬರುವ ಯೋಚನೆ ಇದೆಯೇ? ವಿದ್ಯಾರ್ಥಿ ವೀಸಾದ ಅರ್ಜಿಯಲ್ಲಿ, ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರೆಯೇ ಎಂದು ನೇರವಾಗಿ ಕೇಳುತ್ತಾರೆ. ಹೌದು ಎನ್ನಲೇಬೇಕು. ಓದಿ ವಾಪಸ್ ಹೋಗುವೆ ಎಂದು ಮನವರಿಕೆ ಮಾಡಬೇಕಾದ ವೀಸಾ ಅದು, ಹೌದು ಎಂಬ ಉತ್ತರ ಅಲ್ಲಿ ಭಾರವಾಗುತ್ತದೆ. ಇಪ್ಪತ್ತು ವರ್ಷದ ಸರದಿ, ಅದಕ್ಕೂ ಈ ಓದಿಗೂ ಸಂಬಂಧವಿಲ್ಲ ಎಂದು ವಾದಿಸಬಹುದು, ಒಪ್ಪುವುದು ಬಿಡುವುದು ಅಧಿಕಾರಿಗೆ ಸೇರಿದ್ದು. ವರ್ಷದೊಳಗೆ ವಿದ್ಯಾರ್ಥಿ ವೀಸಾಗೆ ಹೋಗುವುದಿದ್ದರೆ ಅದು ಮೊದಲಾಗಲಿ, ಎಫ್4 ಆಮೇಲೆ. ಪದವಿ ಭಾರತದಲ್ಲೇ ಎಂದಾದರೆ ಕಾಯಬೇಡಿ. ಎಫ್4ನಲ್ಲಿ ಮದುವೆಯ ಗೊಡವೆ ಇಲ್ಲ. ಸರದಿ ಬಂದಾಗ ಹೆಂಡತಿಯೂ 21 ತುಂಬದ ಮಕ್ಕಳೂ ಜೊತೆಗೆ ಬರಬಹುದು.

ಯಾವ ದಾರಿ ಹಿಡಿದರೂ ಈಗಲೇ ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ, ತಮ್ಮನ ಜನನ ಪ್ರಮಾಣಪತ್ರಗಳನ್ನೂ ಅಪ್ಪ-ಅಮ್ಮನ ಪಾಸ್‌ಪೋರ್ಟ್‌ಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಡಿ. ಸರದಿಗಿಂತ ಹೆಚ್ಚು ಕಡತಗಳು ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ನಿಮ್ಮ ಪ್ರಮಾಣಪತ್ರದಲ್ಲಿ ಹೆಸರೇ ಇಲ್ಲದೆ ‘ಹೆಣ್ಣು ಮಗು’ ಎಂದಷ್ಟೇ ಇರಬಹುದು. ಅದರಲ್ಲಿ ಅಮ್ಮ ‘ಲಕ್ಷ್ಮಮ್ಮ’, ತಮ್ಮನದರಲ್ಲಿ ‘ಲಕ್ಷ್ಮೀದೇವಿ’, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಮೂರನೆಯ ರೂಪ ಇರಬಹುದು. ನಮ್ಮ ಕಣ್ಣಿಗೆ ಒಬ್ಬರೇ. ಕಡತ ನೋಡುವವರಿಗೆ ಮೂವರು ಹೆಂಗಸರು. ನೀವಿಬ್ಬರೂ ಒಂದೇ ತಾಯಿಯ ಮಕ್ಕಳೆಂದು ತೋರಿಸಬೇಕಾದ ಎಫ್4ಗೆ ಇದೇ ಮುಖ್ಯ ಸಾಕ್ಷಿ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಬೀಳುತ್ತದೆ, ಮೊದಲ ಹೆಸರು ತಿಳಿಯದು ಎಂದರ್ಥ. ಅಪ್ಪನ ಅರ್ಜಿಗೆ ಅವರ ಮದುವೆಯ ದಾಖಲೆಯೂ ಬೇಕು. ದೇವಸ್ಥಾನದಲ್ಲಿ ಆಗಿ ನೋಂದಣಿಯಾಗದೆ ಉಳಿದಿದ್ದರೆ ಈಗ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿ, ಆ ಕಾಲದ ಲಗ್ನಪತ್ರಿಕೆ, ಫೋಟೋ ಜೊತೆಗಿಡಿ. ತಡವಾಗಿ ಪಡೆದ ಜನನ ಪ್ರಮಾಣಪತ್ರಕ್ಕೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೂ, ನಿಮ್ಮ ಹುಟ್ಟನ್ನು ಬಲ್ಲ ಇಬ್ಬರು ಹಿರಿಯರ ಅಫಿಡವಿಟ್ಟನ್ನೂ ಸೇರಿಸಬೇಕಾಗುತ್ತದೆ. ಆ ಹಿರಿಯರು ಯಾರೆಂದು ಅಪ್ಪ-ಅಮ್ಮ ಮುಂದಿನ ತಿಂಗಳು ಬಂದಾಗಲೇ ಕೇಳಿಟ್ಟುಕೊಳ್ಳಿ.